ಕಲ್ಲುಬಾನಿಗೆ ಕುದುರೆಯ ಸಾಕ್ಷಿ

ಬೋಗಾದಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನರು ರೈತರು. ಊರಿನ ಹೊಲಗಳೆಲ್ಲ ಸೈಟುಗಳಾದ ಮೇಲೂ ಬಡಾವಣೆಯಾಚೆ ಉಳಿದ ತುಂಡು ಜಮೀನಿನಲ್ಲಿ ರಾಗಿ, ಅವರೆ ಬೆಳೆಯುತ್ತಾರೆ. ಎತ್ತುಗಳನ್ನು ಮಾರಿದರೂ ಕುದುರೆಯೊಂದನ್ನು ಸಾಕಿದ್ದಾರೆ. ರೇಸಿಗೆ ಬೇಡವಾದ, ಕಂದು ಬಣ್ಣದ ಹೆಣ್ಣು ಕುದುರೆ. ಬೆಳಿಗ್ಗೆ ಅದರ ಮೇಲೆ ಕೂತು ಹೊಲಕ್ಕೆ ಹೋಗುವುದು, ದಾರಿಯಲ್ಲಿ ಸಿಕ್ಕವರಿಗೆ ಊರಿನ ಇತಿಹಾಸ ಹೇಳುವುದು. ಎರಡೂ ಅವರಿಗೆ ಒಂದೇ ತೂಕದ ಕೆಲಸ.

ಇತಿಹಾಸದ ಮುಖ್ಯ ಅಧ್ಯಾಯ ಬಡಾವಣೆಯ ತಿರುವಿನಲ್ಲಿತ್ತು. ಅಲ್ಲೊಂದು ಹಳೆಯ ಕಲ್ಲುಬಾನಿ, ಒಂದೇ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿ. ಅದರ ಮುಂದೆ ಬಂದರೆ ಕುದುರೆ ತಾನಾಗಿಯೇ ನಿಲ್ಲುತ್ತಿತ್ತು. ಯಜಮಾನರು ಲಗಾಮು ಬಿಟ್ಟು ಎರಡೂ ಕೈ ಮೇಲೆತ್ತುತ್ತಿದ್ದರು.

"ನೋಡ್ಕಳಿ, ನಾನು ನಿಲ್ಸಿಲ್ಲ. ಅರಮನೆ ಕುದುರೆ ದಂಡು ಇಲ್ಲೇ ನೀರು ಕುಡೀತಿದ್ದಿದ್ದು. ಪ್ರಾಣಿಗೆ ಗೊತ್ತಾಯ್ತದೆ."

ವಾಕಿಂಗಿಗೆ ಬಂದವರು ಫೋಟೋ ತೆಗೆಯುತ್ತಿದ್ದರು.

ನನಗೆ ಮೊದಲ ದಿನವೇ ಅನುಮಾನ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು: ಯಾರು ಕೈ ಎತ್ತಿ ತೋರಿಸುತ್ತಾರೋ ಅವರ ಕಾಲು ನೋಡಬೇಕು. ಕುದುರೆ ಹುಟ್ಟಿದ್ದು ಎಲ್ಲೋ, ಇಲ್ಲಿಗೆ ಬಂದದ್ದು ಮೊನ್ನೆ ಮೊನ್ನೆ. ಅರಮನೆಯ ದಂಡಿನ ನೆನಪು ಅದಕ್ಕೆ ಎಲ್ಲಿಂದ ಬರಬೇಕು? ಅದೂ ಹೋಗಲಿ, ಒಂದು ದಂಡಿಗೆ ಆ ಬಾನಿ ಸಾಲುತ್ತಿತ್ತೇ? ಎರಡು ಎಮ್ಮೆ ಬಾಯಿ ಹಾಕಿದರೆ ಮೂರನೆಯದು ಕಾಯಬೇಕು.

ಅಷ್ಟರಲ್ಲಿ ಬಡಾವಣೆಯ ಸಂಘದವರು ಬಾನಿ ತೆಗೆಸಲು ಹೊರಟರು. ಕಾರು ತಿರುಗಿಸಲು ಅಡ್ಡವಂತೆ. ಜೆಸಿಬಿ ಕರೆಸಿ ಒಡೆಸುವ ಮೊದಲು ಭಾನುವಾರ ಪಾರ್ಕಿನಲ್ಲಿ ಒಂದು ಸಭೆ ಎಂದರು. ಯಜಮಾನರು ಮಹಡಿ ಹತ್ತಿ ನನ್ನ ಬಾಗಿಲಿಗೆ ಬಂದರು.

"ವಾದ ಮಾಡಿ ಕಪ್ ತಂದಿದ್ದೀಯಲ್ಲವ್ವ, ನಂಗೂ ಒಸಿ ವಾದ ಮಾಡ್ಕೊಡು. ಅದನ್ನ ಒಡೆದಾಕ್ಬುಟ್ರೆ ನಾನು ಆ ದಾರೀಲಿ ಓಡಾಡಕಾಗಲ್ಲ."

"ಮಾಡ್ತೀನಿ ಯಜಮಾನ್ರೇ. ಅದಕ್ ಮುಂಚೆ ಒಂದ್ಸಲ ಕುದುರೆನ ನಾನು ಹಿಡ್ಕೊಂಡು ಹೋಗ್ತೀನಿ. ನೀವು ಹಿಂದೆ ಬನ್ನಿ."

ಅವರ ಮುಖ ಸಪ್ಪಗಾಯಿತು. ಇಲ್ಲ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಲಗಾಮು ಹಿಡಿದು ನಡೆದೆ. ಕುದುರೆ ಬಾನಿಯ ಕಡೆ ಕಣ್ಣೂ ಹಾಯಿಸದೆ ಮುಂದೆ ಹೋಗಿ, ಬೇಕರಿಯ ಮುಂದೆ ನಿಂತಿತು. ಎಷ್ಟು ಎಳೆದರೂ ಕದಲಲಿಲ್ಲ. ಬೇಕರಿಯವನು ಒಳಗಿನಿಂದಲೇ, "ಬನ್ ಇನ್ನೂ ಬಂದಿಲ್ಲ, ಹೋಗು" ಎಂದು ಕುದುರೆಗೆ ಹೇಳಿದ.

"ದಂಡಿನೋರು ಇಲ್ಲಿ ಬನ್ ತಿಂತಿದ್ರಾ ಯಜಮಾನ್ರೇ?"

"ಆಡ್ಕೊ, ಆಡ್ಕೊ."

"ಬಾನಿ ಹತ್ರ ಮೊಣಕಾಲಲ್ಲಿ ಒತ್ತಿ ನಿಲ್ಲಿಸ್ತೀರಿ, ಅಲ್ವಾ?"

"ಕುದುರೆ ಹತ್ತೋನು ಮೊಣಕಾಲಲ್ಲೇ ಮಾತಾಡೋದು ಕಣವ್ವ. ಅದ್ರಲ್ಲಿ ಮೋಸ ಏನದೆ?"

"ದಂಡು?"

ಅವರು ಬೇಕರಿಯ ಮೆಟ್ಟಿಲ ಮೇಲೆ ಕೂತರು. "ನಮ್ಮಪ್ಪ ಜಟಕಾ ಹೊಡೀತಿದ್ದ. ಜನಾನ ಲಕ್ಷ್ಮೀಪುರಂಗೆ ಬುಟ್ಬುಟ್ಟು ಬಂದು ಇಲ್ಲಿ ಕುದುರೆಗೆ ನೀರು ಕುಡಿಸ್ತಿದ್ದ. ನಾನು ಬಾನಿ ಅಂಚಲ್ಲಿ ಕೂತಿರ್ತಿದ್ದೆ. ಇದನ್ನ ಎಷ್ಟ್ ಜನಕ್ಕೆ ಹೇಳಿವ್ನಿ. ಒಬ್ನೂ ಗಾಡಿ ನಿಲ್ಸಿ ಕೇಳ್ಲಿಲ್ಲ. ಅರಮನೆ ಅಂದೆ ನೋಡು, ಎಲ್ರೂ ನಿಂತ್ರು."

ಇದನ್ನೂ ನಾನು ಪೂರ್ತಿ ನಂಬಲಿಲ್ಲ. ದೊಡ್ಡ ಸುಳ್ಳು ಸಿಕ್ಕಿಬಿದ್ದಾಗ ಸಣ್ಣ ಸುಳ್ಳೊಂದನ್ನು ಸತ್ಯವೆಂದು ಒಪ್ಪಿಸಿ ಪಾರಾಗುವುದು ಚರ್ಚೆಯ ಹಳೆಯ ಪಟ್ಟು. ಆದರೆ ಕುದುರೆಯ ಆಟ ಬಯಲಾದ ಮಾತ್ರಕ್ಕೆ ಬಾನಿಯನ್ನು ಒಡೆಯುವುದು ಸರಿ ಎಂದಾಗುವುದಿಲ್ಲವಲ್ಲ. ನಾನು ಷರತ್ತು ಹಾಕಿದೆ. ಸಭೆಗೆ ಕುದುರೆ ಬರಬಾರದು, ಅರಮನೆಯ ಕಥೆ ಹೇಳಬಾರದು. ಜಟಕಾ ಒಂದೇ.

"ಸೋತ್ರೆ?"

"ಸೋಲ್ತೀವಿ."

ಆ ವಾರ ಮಹಡಿಗೆ ನೀರು ಬರುವುದು ಎರಡು ಸಲ ತಡವಾಯಿತು. ಮೋಟಾರಿನ ತೊಂದರೆಯೋ ಯಜಮಾನರ ಸಿಟ್ಟೋ, ಕೇಳಲು ಹೋಗಲಿಲ್ಲ. ಮೋಟಾರಿನ ಮೇಲೆ ನನಗೆ ಅನುಮಾನವಿರಲಿಲ್ಲ.

ಭಾನುವಾರ ಅವರು ನಡೆದೇ ಬಂದರು. ಸಂಘದ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರು, ಗೇಟಿನತ್ತ ಇಣುಕಿದರು. "ಕುದುರೆ ಎಲ್ರೀ? ಮಕ್ಕಳು ಕಾಯ್ತಾ ಇದಾವೆ."

"ಹೊಲ್ದಲ್ಲಿ ಕಟ್ಟಿವ್ನಿ," ಎಂದರು ಯಜಮಾನರು. ಕೂರದೆ ಹಾಗೆಯೇ ನಿಂತು ಹೇಳಿದರು. "ಅರಮನೆ ದಂಡ್ನ ನಾನು ಕಂಡಿಲ್ಲ. ಕಂಡೋರ್ ಬಾಯಲ್ಲೂ ಕೇಳಿಲ್ಲ. ನಾನೇ ಕಟ್ಟಿ ಹೇಳ್ದೆ. ನಮ್ಮಪ್ಪನ ಜಟಕಾ ಕುದುರೆ ಅಲ್ಲಿ ನೀರು ಕುಡೀತಿತ್ತು. ಅದನ್ನ ಕಂಡಿವ್ನಿ."

ಮಕ್ಕಳು ಜಾರುಬಂಡೆಯ ಕಡೆ ಓಡಿದವು. ಮುಂದೆ ಕೂತಿದ್ದ ಹೆಂಗಸೊಬ್ಬರು ಕೇಳಿದರು, "ಅದಕ್ಕಾದ್ರೂ ಏನ್ರಿ ಸಾಕ್ಷಿ?"

ಬೇರೆ ದಿನವಾಗಿದ್ದರೆ ಅದು ನನ್ನ ಪ್ರಶ್ನೆ. ಈಗ ಉತ್ತರವನ್ನೂ ನಾನೇ ಹೇಳಬೇಕಿತ್ತು. "ಸಾಕ್ಷಿ ಇಲ್ಲ ಮೇಡಂ. ಇವರ ಮಾತಷ್ಟೇ. ಆದ್ರೆ ತಮ್ಮ ಸುಳ್ಳನ್ನ ತಾವೇ ಎದ್ದು ನಿಂತು ಒಪ್ಕೊಂಡೋರು ಇನ್ನೊಂದು ಸುಳ್ಳು ಯಾಕೆ ಹೇಳ್ತಾರೆ?" ಈ ವಾದದಲ್ಲಿ ತೂತಿದೆ ಎಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಾಗದಿರಲಿ ಎಂದುಕೊಂಡೆ.

ಕಾರ್ಯದರ್ಶಿ ಕೈ ಅಡ್ಡ ಹಿಡಿದರು. "ಒಡೆಯೋದು ಬೇಡ ಬಿಡಿ. ಒಂಚೂರು ಪಕ್ಕಕ್ಕೆ ಸರಿಸಿ ಬೋರ್ಡ್ ಹಾಕ್ಸೋಣ." ಎಲ್ಲರೂ ಕೈ ಎತ್ತಿದರು. ಯಜಮಾನರು ಟವಲಿನಿಂದ ಮುಖ ಒರೆಸಿಕೊಂಡರು. ಇಷ್ಟು ಸುಲಭವಾಗಿ ಗೆದ್ದದ್ದು ನನಗೆ ಸರಿಬರಲಿಲ್ಲ.

ಬೋರ್ಡ್ ಬಂದಾಗ ಕಾರಣ ತಿಳಿಯಿತು. ಅರಮನೆಯ ಅಶ್ವದಳ ನೀರು ಕುಡಿದ ಐತಿಹಾಸಿಕ ತೊಟ್ಟಿ ಎಂದು ಬರೆಸಿದ್ದರು. ಜಟಕಾ ಎಲ್ಲೂ ಇರಲಿಲ್ಲ. ಕಾರ್ಯದರ್ಶಿಯ ಮನೆಗೆ ಹೋದೆ.

"ಅದು ಸುಳ್ಳು ಅಂತ ಅವರೇ ಹೇಳಿದ್ರಲ್ಲ ಸರ್."

"ವಯಸ್ಸಾದೋರು ಕಣಮ್ಮ, ಒಂದೊಂದ್ ದಿನ ಒಂದೊಂದ್ ಹೇಳ್ತಾರೆ. ಮೊದಲು ಹೇಳಿದ್ದೇ ನಿಜ ಇರ್ಬೇಕು. ಜಟಕಾ ಅಂತ ಬರೆಸಿದ್ರೆ ಲೇಔಟಿಗೆ ಏನ್ ಮರ್ಯಾದೆ ಹೇಳು?"

ಈಗ ಯಜಮಾನರು ದಿನಾ ಅಲ್ಲಿ ಕುದುರೆಯಿಂದ ಇಳಿದು, ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಬಂದವರಿಗೆಲ್ಲ ಅದು ತಾವು ಕಟ್ಟಿದ ಕಥೆ ಎಂದು ಹೇಳಿ, ಅಪ್ಪನ ಜಟಕಾದ ವಿಷಯ ತೆಗೆಯುತ್ತಾರೆ. ಮೊನ್ನೆ ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬಂದಿದ್ದ ಗಂಡ ಹೆಂಡತಿ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಗಂಡ ಮೊಬೈಲ್ ಎತ್ತಿ ಹಿಡಿದು, "ಸರಿ ಯಜಮಾನ್ರೇ, ಸ್ವಲ್ಪ ಈ ಕಡೆ ಬನ್ನಿ. ಬೋರ್ಡ್ ಕಾಣಿಸ್ತಿಲ್ಲ" ಎಂದ.