ದಾನಿಯೇಲನ ಗಿಟಾರಿಗೆ ಹಚ್ಚಿದ ಎಣ್ಣೆ

ಹರಳೆಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನನ್ನ ಸೊಸೆಗಂತೂ ಆಗದು. ಆಯುಧಪೂಜೆಯ ಬೆಳಿಗ್ಗೆ ನಾನು ಎಣ್ಣೆಯ ಬಟ್ಟಲು ಹಿಡಿದು ಕೂತರೆ ಆಕೆ ಎಲ್ಲ ಕಿಟಕಿ ತೆರೆಯುತ್ತಾಳೆ. ನಮ್ಮ ಮನೆಯಲ್ಲಿ ಈಗ ಮಗ್ಗವಿಲ್ಲ, ಒಂದು ಲಾಳಿ ಮಾತ್ರ ಉಳಿದಿದೆ. ವರ್ಷಕ್ಕೊಮ್ಮೆ ಅದನ್ನು ಒರೆಸಿ, ಎಣ್ಣೆ ಸವರಿ, ಕುಂಕುಮವಿಟ್ಟು ಪೂಜೆಗಿಡುವುದು ನನ್ನ ಪಾಲಿನ ಕೆಲಸ. ಈ ಸಲ ಲಾಳಿಯ ಪಕ್ಕದಲ್ಲಿ ಒಂದು ಹಳೆಯ ಗಿಟಾರೂ ಇದೆ. ಎಣ್ಣೆ ಬೆರಳನ್ನು ಅದರ ತಂತಿಯ ಹತ್ತಿರ ಒಯ್ದವನು ಹಾಗೇ ನಿಂತುಬಿಟ್ಟೆ. ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಎಪ್ಪತ್ತರ ದಶಕದ, ತಮಿಳುನಾಡಿನ ಸೇಲಂ ಹತ್ತಿರದ ಎಡಪ್ಪಾಡಿಗೆ ಕರೆದುಕೊಂಡು ಹೋಗಬೇಕು.

ಈ ಗಿಟಾರು ದಾನಿಯೇಲನದು. ಅವನಪ್ಪ ನಮ್ಮೂರ ಚರ್ಚಿನ ಉಪದೇಶಿ, ಬಿಳಿ ಜುಬ್ಬದ ಮೆಲುದನಿಯ ಮನುಷ್ಯ. ಮಗ ಬೆಂಗಳೂರಿಗೆ ಓದಲು ಹೋಗಿ, ಓದಿಗಿಂತ ಹೆಚ್ಚಾಗಿ ಗಿಟಾರು ಕಲಿತು ಬಂದ. ಏಸುಸಾಮಿಗೆ ತಾನೇ ತಮಿಳಿನಲ್ಲಿ ಹಾಡು ಕಟ್ಟಿ, ಅದನ್ನು ರಾಕ್ ಧಾಟಿಯಲ್ಲಿ ಬಾರಿಸುತ್ತಿದ್ದ. ರೇಡಿಯೋ ರಿಪೇರಿಯವನೊಬ್ಬ ಗಿಟಾರಿನ ಹೊಟ್ಟೆಗೆ ಏನೋ ಅಂಟಿಸಿ, ಒಂದು ಹಳೇ ರೇಡಿಯೋ ಪೆಟ್ಟಿಗೆಗೆ ತಂತಿ ಎಳೆದುಕೊಟ್ಟಿದ್ದ. ಅದರ ಸದ್ದಿಗೆ ಉಪದೇಶಿಯವರು ಮೊದಲ ದಿನವೇ ಕಿವಿ ಮುಚ್ಚಿಕೊಂಡರಂತೆ. ಇದು ಮನೆಯೊಳಗೆ ಬೇಡ, ದೇವರ ಮುಂದಂತೂ ಬೇಡವೇ ಬೇಡ ಎಂದರಂತೆ.

ಹಾಗೆ ಗಿಟಾರು ನಮ್ಮ ಮನೆಗೆ ಬಂತು. ನಮ್ಮದು ಕನ್ನಡ ಮಾತಾಡುವ ನೇಕಾರರ ಮನೆ. ನಾಲ್ಕು ಗುಂಡಿಮಗ್ಗ ಒಟ್ಟಿಗೆ ಬಡಿಯುವ ಮನೆಯಲ್ಲಿ ಯಾರು ಏನು ಬಾರಿಸಿದರೂ ಯಾರಿಗೆ ತೊಂದರೆ? ದಾನಿಯೇಲ ಗೋಡೆಗೊರಗಿ ಕೂತು, ನನ್ನ ಮಗ್ಗದ ಬಡಿತಕ್ಕೆ ತಾಳ ಹೊಂದಿಸಿಕೊಂಡು ಬಾರಿಸುತ್ತಿದ್ದ. ನಾನು ಅವನನ್ನು ಮೆಚ್ಚಿಸಲು ಹೋಗಿ ಜೋರಾಗಿ ಮಗ್ಗ ಬಡಿದು ನೂಲು ಹರಿದುಕೊಂಡದ್ದು ಎಷ್ಟು ಸಲವೋ. ನಮ್ಮಜ್ಜಿ ಅವನ ಹೆಸರನ್ನು ದಾನಪ್ಪ ಮಾಡಿಕೊಂಡಿದ್ದಳು. ಅವನೂ ನಮ್ಮ ಮಾತನ್ನು ಅವಳ ಬಾಯಿಂದಲೇ ಕಲಿತ, ಬೈಗುಳ ಸಮೇತ.

ಎರಡು ವರ್ಷ ಗೋಗರೆದ ಮೇಲೆ ಉಪದೇಶಿಯವರು ಒಂದೇ ಒಂದು ಭಾನುವಾರ ಒಪ್ಪಿದರು. ಸಂಜೆಯ ಆರಾಧನೆಯಲ್ಲಿ ಒಂದು ಹಾಡು. ಕೇಳುವ ಹಾಗಿದ್ದರೆ ಪ್ರತಿ ವಾರ ಬಾರಿಸಲಿ, ಇಲ್ಲದಿದ್ದರೆ ಗಿಟಾರಿನ ಮಾತೇ ಬೇಡ. ಆ ಭಾನುವಾರವೇ ಆಯುಧಪೂಜೆ ಬಿತ್ತು.

ಇನ್ನು ನನ್ನ ಬುದ್ಧಿವಂತಿಕೆ ಕೇಳಿ. ಬೆಳಿಗ್ಗೆ ಲಾಳಿಗಳಿಗೆಲ್ಲ ಎಣ್ಣೆ ಹಚ್ಚುತ್ತಿದ್ದೆ. ಎಣ್ಣೆ ಕುಡಿದ ಲಾಳಿ ಎಷ್ಟು ಸಲೀಸಾಗಿ ಓಡುತ್ತದೆ ಅಂತ ನೇಕಾರನಿಗೆ ಹೇಳಿಕೊಡಬೇಕೆ? ಗೆಳೆಯನಿಗೆ ಇವತ್ತು ದೊಡ್ಡ ದಿನ, ಅವನ ಬೆರಳೂ ಸಲೀಸಾಗಿ ಓಡಲಿ ಎಂದು ಗಿಟಾರಿನ ಆರೂ ತಂತಿಗೆ ಉದಾರವಾಗಿ ಹರಳೆಣ್ಣೆ ಉಜ್ಜಿದೆ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮವಿಟ್ಟು ಮಗ್ಗದ ಸಾಮಾನಿನ ಜೊತೆ ಸಾಲಾಗಿ ಜೋಡಿಸಿದಳು.

ಸಂಜೆ ದಾನಿಯೇಲ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಕೆಲಸಕ್ಕೆಂದು ಮುಟ್ಟುವಂತಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಅಜ್ಜಿ ಅಡ್ಡ ನಿಂತಳು.

"ಅಜ್ಜೀ, ಇವತ್ತು ಬುಟ್ರೆ ನಮ್ಮಪ್ಪ ಇನ್ನೊಂದ್ಸಲ ಒಪ್ಪಾಕಿಲ್ಲ."

"ಯಾರ್ಗ್ಲಾ ಬಾರಿಸ್ತೀಯ?"

"ಸಾಮಿಗೆ."

ಅಜ್ಜಿ ಪಕ್ಕಕ್ಕೆ ಸರಿದಳು. "ಸಾಮಿಗೆ ಬಾರ್ಸಾದು ಕೆಲ್ಸ ಅಲ್ಲ. ಎತ್ಕೊಂಡೋಗು."

ಅವನು ಗಿಟಾರಿನ ಕುಂಕುಮ ಒರೆಸಿ ಎತ್ತಿಕೊಂಡು ಓಡಿದ, ಪೆಟ್ಟಿಗೆ ಹೊತ್ತುಕೊಂಡು ನಾನು ಹಿಂದೆ. ಚರ್ಚಿನ ಬಾಗಿಲಲ್ಲಿ ನಿಂತು ಕೇಳಿದೆ. ಅವನು ಮೊದಲ ಸಲ ಮೀಟಿದಾಗಲೇ ನನಗೆ ಎಣ್ಣೆಯ ನೆನಪಾಯಿತು. ನಮ್ಮ ಮನೆಯಲ್ಲಿ ಖಣಖಣ ಅನ್ನುತ್ತಿದ್ದ ತಂತಿಗಳು ಒದ್ದೆ ನೂಲಿನ ಹಾಗೆ ಮಂಕಾಗಿದ್ದವು. ದಾನಿಯೇಲ ಒಂದು ಸಲ ಬೆರಳು ಮೂಸಿ ನೋಡಿಕೊಂಡ. ಬೇರೆ ದಾರಿಯಿಲ್ಲದೆ, ರಾಕ್ ಬಾರಿಸಲು ಹೋದವನು ಜೋಗುಳದಂತೆ ಬಾರಿಸಿ ಮುಗಿಸಿದ. ಉಪದೇಶಿಯವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಎದ್ದು ಬಂದು ಮಗನ ತಲೆಯ ಮೇಲೆ ಕೈಯಿಟ್ಟರು. ಇಷ್ಟು ಮೆತ್ತಗಿರುತ್ತದೆಂದು ಗೊತ್ತಿದ್ದರೆ ಯಾವತ್ತೋ ಒಪ್ಪುತ್ತಿದ್ದೆನಲ್ಲ ಎಂದರು.

ನಾನು ಬಾಯಿ ಬಿಡಲಿಲ್ಲ. ಕೆಟ್ಟದ್ದು ಒಳ್ಳೆಯದೇ ಆಯಿತಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಆಮೇಲೆ ದಾನಿಯೇಲನಿಗೆ ಹೆಸರು ಬಂತು. ಬಸ್ಸಿನ ಟಾಪಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಹರೂರು, ಸೇಲಂ ಎಂದು ತಿರುಗಿದ. ಮೇಚೇರಿಯ ಸಂತೆಯ ದಿನ ಅವನು ಬಾರಿಸಿದರೆ ಕುರಿ ಮಾರಲು ಬಂದವರು ಕುರಿ ಮರೆತು ನಿಲ್ಲುತ್ತಿದ್ದರಂತೆ. ಹೊರಗೆ ಎಷ್ಟೇ ಹೆಸರಾದರೂ ಭಾನುವಾರ ಮಾತ್ರ ಅಪ್ಪನ ಚರ್ಚು ತಪ್ಪಿಸುತ್ತಿರಲಿಲ್ಲ. ಶನಿವಾರ ನಮ್ಮ ಮನೆಗೆ ಬಂದು ಒಂದು ಸಣ್ಣ ಸೀಸೆಗೆ ಹರಳೆಣ್ಣೆ ಹುಯ್ಯಿಸಿಕೊಂಡು ಹೋಗುತ್ತಿದ್ದ. ಅವನ ಕೂದಲು ಆಗಲೇ ತೆಳ್ಳಗಾಗುತ್ತಿತ್ತು. ತಲೆಗಿರಬೇಕು ಎಂದುಕೊಂಡು, ಪಾಪ, ನಾನು ಸೀಸೆ ತುಂಬಾ ಕೊಡುತ್ತಿದ್ದೆ.

ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ಸೇಲಂಗೆ ನೋಡಲು ಹೋಗಿದ್ದೆ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಅಲ್ಲಿ ಹೇಳಿಬಿಟ್ಟೆ. ಅವನು ನಕ್ಕ.

"ಅರಳೆಣ್ಣೆ ವಾಸ್ನೆ ತಿಳ್ಯಾಕಿಲ್ವೇನ್ಲಾ? ಮುಂದ್ಲು ಬೆಂಚ್‌ನೋರ್ಗೆಲ್ಲ ಒಡೀತಿತ್ತು." ಆಮೇಲೆ ನಗು ನಿಲ್ಲಿಸಿ ಹೇಳಿದ. "ನಮ್ಮಪ್ಪ ಇರಾಗಂಟ ವಾರವಾರ ತಂತಿಗೆ ನಾನೇ ಅಚ್ಕಂಡೆ. ಸೋಮವಾರ ಸೀಮೆಣ್ಣೇಲಿ ಒರ್ಸ್ತಿದ್ದೆ. ಊರೂರಲ್ಲಿ ಎಲ್ಲಾರೂ ನನ್ನ ಸೌಂಡ್ ಕೇಳಿದ್ರು. ಅಪ್ಪ ಒಬ್ರು ಕೇಳ್ನಿಲ್ಲ."

ಅವನಿಗೆ ನಾನು ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ, ಈಗಲೂ ಗೊತ್ತಿಲ್ಲ. ಅಪ್ಪನ ಪಕ್ಕದಲ್ಲಿ ಕೂರುವ ಜಾಗ ಅವನಿಗೆ ಸಿಕ್ಕಿತು, ಅದಕ್ಕೆ ಅವನು ಪ್ರತಿ ಭಾನುವಾರ ತನ್ನ ದನಿಯನ್ನು ತಾನೇ ಮುಚ್ಚಿಕೊಂಡ. ಈ ಬೇಸಿಗೆಯಲ್ಲಿ ಅವನು ತೀರಿಕೊಂಡ. ಗಿಟಾರು ನಿಮ್ಮ ಮನೆಯಲ್ಲೇ ಇರಲಿ ಅಂತ ಹೇಳಿದ್ದರು ಎಂದು ಅವನ ಹೆಂಡತಿ ಹೋದ ವಾರ ಕಳಿಸಿಕೊಟ್ಟರು.

ಎಣ್ಣೆ ಬಟ್ಟಲನ್ನು ದೂರ ಸರಿಸಿದೆ. ಸೀಗೆಪುಡಿ ಹಾಕಿ ಎರಡು ಸಲ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಮರದ ಮೇಲೆ ಮಾತ್ರ ಕುಂಕುಮವಿಟ್ಟೆ. ಪೂಜೆ ಮುಗಿದ ಮೇಲೆ ಆರೂ ತಂತಿಯನ್ನು ಒಟ್ಟಿಗೆ ಎಳೆದು ಮೀಟಿದೆ. ಮನೆಯೆಲ್ಲ ಖಣ್ ಎಂದಿತು. ಸೊಸೆ ಅಡುಗೆಮನೆಯಿಂದ ಬಂದು, ನಾಳೆತನಕ ಮುಟ್ಟಬಾರದು ಅಂತ ನೀವೇ ಹೇಳಿದ್ದಿರಲ್ಲ ಮಾವ ಎಂದಳು.

"ಇದು ಕೆಲ್ಸ ಅಲ್ಲಮ್ಮ," ಎಂದೆ. "ಉಪದೇಶಿಯೋರ್ ಕಿವೀಗೆ ಬೀಳ್ಬೇಕಿತ್ತು."

ಇನ್ನೊಂದು ಸಲ, ಇನ್ನೂ ಜೋರಾಗಿ ಮೀಟಿದೆ.