ಅತ್ತೆಯ ಗೋರಿಗೆ ಮೂರು ಕೈ ಸುಣ್ಣ

ಧಾರವಾಡದ ಮಾಳಮಡ್ಡಿಯ ತಬಿತಾಬಾಯಿಯವರಿಗೆ ನರಕಕ್ಕಿಂತ ಸ್ವರ್ಗದ ಹೆದರಿಕೆಯೇ ಹೆಚ್ಚು. ನರಕದಲ್ಲಿ ಗುರುತಿನವರು ಯಾರೂ ಸಿಗಲಾರರು. ಸ್ವರ್ಗದ ಬಾಗಿಲಲ್ಲಾದರೆ ಅತ್ತೆ ಸಾಲೋಮಿಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾಳೆ. ‘ಬಂದ್ಯಾ? ಬಾ’ ಎಂದು ಅವಳು ಒಮ್ಮೆ ದಿಟ್ಟಿಸಿ ನೋಡಿದರೆ ಸಾಕು, ಬಂದ ದಾರಿಯಲ್ಲೇ ತಿರುಗಬೇಕು.

ಈ ಹೆದರಿಕೆ ಹೊರಗಿನವರಿಗೆ ತಿಳಿಯುವ ಹಾಗಿರಲಿಲ್ಲ. ತಬಿತಾಬಾಯಿ ಜನ್ಮವೆಲ್ಲ ಸಾಲೆಯ ಮಕ್ಕಳ ಸಮವಸ್ತ್ರ ಹೊಲಿದವರು. ‘ಮಶೀನ ನಿಂತರೂ ಈಕೀ ಬಾಯಿ ನಿಂದ್ರಂಗಿಲ್ಲವಾ’ ಎಂದು ನೆರೆಮನೆಯ ಶರಣವ್ವ ನಗುತ್ತಿದ್ದಳು. ಕ್ರಿಸ್ಮಸ್ ಬಂತೆಂದರೆ ಓಣಿಗೆಲ್ಲ ಕರ್ಚಿಕಾಯಿ ಹಂಚುವವರು ಅವರೇ. ಚರ್ಚಿನ ಸಭೆಯವರಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹೋಗಿ, ಸತ್ತವರ ಮನೆಯವರ ಕೈ ಹಿಡಿದು, ‘ಯೇಸುಸ್ವಾಮಿ ಕರಕೊಂಡಾನ, ಅಂಜಬ್ಯಾಡ್ರಿ’ ಎಂದು ಧೈರ್ಯ ಹೇಳಿ ಹಾಡಿ ಬರುವವರೂ ಅವರೇ. ಅಂಥ ದಿನ ತಮ್ಮ ಮನೆಗೆ ಬಂದು ಮಾತ್ರ ದೀಪ ಆರಿಸದೆ ಮಲಗುತ್ತಿದ್ದರು.

ಇದಕ್ಕೆ ಕಾರಣ ಒಂದು ಮಾತು. ಹಿಂದೆ, ಸಾಲೋಮಿಬಾಯಿ ಹಾಸಿಗೆ ಹಿಡಿದಿದ್ದ ಕಾಲ. ಜೂನ್ ತಿಂಗಳು, ಸಾಲೆ ಶುರುವಾಗುವ ಹೊತ್ತು, ಹೊಲಿಯುವ ಬಟ್ಟೆ ಮೊಳಕಾಲೆತ್ತರ ಬಿದ್ದಿತ್ತು. ಒಳಗಿನಿಂದ ಅತ್ತೆ ‘ಚಾ ಕೊಡ, ದಿಂಬು ಸರಿಸ, ಕಿಟಕಿ ಮುಚ್ಚ’ ಎಂದು ಕೂಗುತ್ತಲೇ ಇದ್ದಳು. ಕಡೆಗೊಮ್ಮೆ ತಬಿತಾಬಾಯಿ ಮಶೀನಿನ ಮೇಲಿಂದಲೇ, ‘ನಮ್ಮ ಜೀವಾ ತಿನ್ನೂಕಿಂತ ಲಗೂನ ಹೋಗಬಾರದೇನು?’ ಎಂದುಬಿಟ್ಟರು. ಒಳಗಿನ ಕೂಗು ನಿಂತಿತು. ಮರುದಿನ ಚಾ ತೆಗೆದುಕೊಂಡು ಹೋದಾಗ ಅತ್ತೆ ಹೋಗಿಬಿಟ್ಟಿದ್ದಳು. ಈ ಮಾತನ್ನು ತಬಿತಾಬಾಯಿ ಗಂಡ ಸ್ವಾಮಿದಾಸರಿಗೂ ಹೇಳಲಿಲ್ಲ. ಈಗ ಅವರೂ ಇಲ್ಲ.

ಧಾರವಾಡದ ಕ್ರೈಸ್ತರಲ್ಲಿ ಈಸ್ಟರಿನ ಹಿಂದಿನ ಶನಿವಾರ ತಮ್ಮವರ ಗೋರಿಗಳ ಕಸ ಕಿತ್ತು ಸುಣ್ಣ ಬಳಿಯುವ ರೂಢಿ. ಭಾನುವಾರ ಬೆಳಗಾಗುವ ಮೊದಲು ಅಲ್ಲೇ ನೆರೆದು, ಯೇಸು ಸಮಾಧಿಯಿಂದ ಎದ್ದ ಸಂತೋಷಕ್ಕೆ ಹಾಡುತ್ತಾರೆ. ಎಲ್ಲರೂ ಒಂದು ಕೈ ಸುಣ್ಣ ಬಳಿದರೆ ತಬಿತಾಬಾಯಿ ಅತ್ತೆಯ ಗೋರಿಗೆ ಮೂರು ಕೈ ಬಳಿಯುತ್ತಿದ್ದರು, ತಲೆಗಲ್ಲನ್ನೂ ಬಿಡುತ್ತಿರಲಿಲ್ಲ. ‘ಸೊಸಿ ಅಂದ್ರ ಹಿಂಗಿರಬೇಕು’ ಎಂದು ಜನ ಹೊಗಳಿದಾಗಲೆಲ್ಲ ಅವರು ತಲೆ ತಗ್ಗಿಸಿ ಕುಂಚವನ್ನು ಮತ್ತೆ ಸುಣ್ಣದಲ್ಲಿ ಅದ್ದುತ್ತಿದ್ದರು.

ಈ ಸಲ ಅವರ ಹೊಟ್ಟೆ ಕೈಕೊಟ್ಟಿತು. ಪಿತ್ತಕೋಶದಲ್ಲಿ ಕಲ್ಲಾಗಿವೆ, ಆಪರೇಶನ್ ಆಗಲೇಬೇಕು, ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದರು. ತಬಿತಾಬಾಯಿ ಮೊದಲು ‘ಕ್ರಿಸ್ಮಸ್ ಮುಗೀಲಿ’ ಎಂದರು, ಆಮೇಲೆ ‘ಥಂಡಿ ಹೋಗಲಿ’ ಎಂದರು. ಮಗ ಸಿಟ್ಟಾದ. ಸೊಸೆ ಪ್ರಮೀಳಾ ಸಿಟ್ಟಾಗಲಿಲ್ಲ. ತನ್ನ ಅತ್ತೆ ಹೆದರಿದ್ದು ಚಾಕುವಿಗಲ್ಲ, ಮತ್ತೆ ಯಾವುದಕ್ಕೋ ಎಂದು ಅವಳಿಗೆ ಅನ್ನಿಸಿತ್ತು. ಕಣ್ಣು ಮುಚ್ಚಿಸಿ ಮಲಗಿಸುತ್ತಾರೆ, ಅಲ್ಲೇ ಹೋದರೆ? ಸ್ವರ್ಗದ ಬಾಗಿಲಲ್ಲಿ ಸಾಲೋಮಿಬಾಯಿ! ಇದು ತಬಿತಾಬಾಯಿಯವರ ಲೆಕ್ಕ.

ಸುಣ್ಣ ಬಳಿಯುವ ಶನಿವಾರ ಬಂದಾಗ ನೋವಿನಿಂದ ಬಗ್ಗಲಾಗದೆ ಅವರು ಸ್ಮಶಾನದಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತರು. ಪ್ರಮೀಳಾ ಸೆರಗು ಸಿಕ್ಕಿಸಿ ಕುಂಚ ಹಿಡಿದಳು.

‘ಒಂದ ಕೈ ಆತ್ರಿ ಅತ್ತಿ.’

‘ಇನ್ನೊಂದ ಹಚ್ಚು. ಆಮ್ಯಾಲ ಇನ್ನೊಂದು.’

‘ಇದೇನ ಗ್ವಾಡಿ ಕಟ್ಟಾಕತ್ತೇವೇನ್ರಿ?’ ಎಂದು ನಕ್ಕ ಪ್ರಮೀಳಾ ಈ ಸಲದ ಸುಣ್ಣ ಇನ್ನೂ ತಾಗದ ತಲೆಗಲ್ಲನ್ನು ಕೈಯಿಂದ ಸವರಿದಳು. ಬೋಳು ಗೋಡೆಯ ಹಾಗೆ ನುಣ್ಣಗಿತ್ತು. ‘ಅತ್ತಿ, ಇದರ ಮ್ಯಾಲಿನ ಹೆಸರ ಎಲ್ಲಿ ಹೋತ್ರಿ?’

ಪಕ್ಕದ ಗೋರಿಯ ಅಕ್ಷರಗಳಿಗೆ ಕರಿ ಬಣ್ಣ ತುಂಬುತ್ತಿದ್ದ ಕಲ್ಲುಕುಟಿಗ ಗುಲಾಬಸಾಬ ತಲೆಯೆತ್ತಿದ. ಇಲ್ಲಿಯ ಕಲ್ಲುಗಳಲ್ಲಿ ಬಹಳಷ್ಟು ಅವನೇ ಕೆತ್ತಿದವು. ‘ನಿಮ್ಮ ಅತ್ತೀನ್ನ ಕೇಳ್ರಿ ಬಾಯಾರ. ವರ್ಷಾ ನಾ ಬಣ್ಣದ ಡಬ್ಬಿ ಹಿಡಕೊಂಡ ಬರ್ತೇನಿ, ಬ್ಯಾಡ ಹೋಗೋ ಅಂತ ವರ್ಷಾ ಅಟ್ಟತಾರ. ಸುಣ್ಣಾ ಬಳದ ಬಳದ ಆ ಯಜಮಾನತಿ ಹೆಸರ ಹುಗದಬಿಟ್ಟಾರ. ಎರಡನೇ ಸಲಾ ಮಣ್ಣ ಮಾಡಿಧಂಗ ಆತು.’

ತಬಿತಾಬಾಯಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗುಲಾಬಸಾಬ ಬಂದು ಮೊಳಕಾಲೂರಿ ಕರಣಿಯಿಂದ ಮೆಲ್ಲಗೆ ಕೆರೆದ. ಸುಣ್ಣ ಹಪ್ಪಳದ ಹಾಗೆ ಎದ್ದು ಬಿತ್ತು. ಮೊದಲು ‘ಸಾಲೋಮಿ’ ಎಂದು ಕಂಡಿತು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಪ್ರಮೀಳಾ ಒದ್ದೆ ಅರಿವೆಯಿಂದ ಒರೆಸಿ ಓದಿದಳು: ‘ಯೇಸುವಿನ ದಯೆಯಿಂದ ಕ್ಷಮೆ ಹೊಂದಿದವಳು.’

ಕಲ್ಲು ನಿಲ್ಲಿಸಿದ ದಿನ ತಬಿತಾಬಾಯಿ ತಲೆಯೆತ್ತಿ ನೋಡಿರಲಿಲ್ಲ. ಆಮೇಲೆ ಬಂದಾಗಲೆಲ್ಲ ಕೈಯಲ್ಲಿ ಕುಂಚವೇ ಇತ್ತು.

‘ಇದನ್ನ ಯಾರ ಬರಸಿದ್ರು?’ ಎಂದು ಕೇಳಿದರು.

‘ಆಕೀನ. ಗಟ್ಟಿ ಇದ್ದಾಗ ತಾನ ಬಂದು ಹೇಳಿ ಹೋಗಿದ್ಳು. ನಾ ಅಂದೆ, ಸಾಧ್ವಿ, ಸದ್ಗುಣಿ ಅಂತ ಬರೀತೇನ್ರಿ ಅವ್ವಾರ, ಎಲ್ಲಾರೂ ಅದನ್ನ ಬರಸ್ತಾರ. ಅದಕ್ಕ ಆಕಿ, ಕಲ್ಲಿನ ಮ್ಯಾಲೆ ಸುಳ್ಳ ಬರೀಬ್ಯಾಡೋ, ನನ್ನ ಸೊಸಿ ಓದಿ ನಗ್ತಾಳ ಅಂದ್ಳು.’ ಗುಲಾಬಸಾಬ ಕರಣಿ ಒರೆಸಿಕೊಂಡ. ‘ಇನ್ನೊಂದ ಮಾತ ಹೇಳಿದ್ಳು. ಹೇಳಿದ್ರ ನೀವು ಸಿಟ್ಟಾಗ್ತೀರಿ.’

‘ಹೇಳು.’

‘ನನ್ನ ಸೊಸೀ ಬಾಯೀನೂ ನನ್ನ ಬಾಯಿ ಹಂಗ ಐತಿ. ಮುಂದ ಆಕೀ ಕಲ್ಲಿಗೂ ಇದ ಸಾಲು ಕೆತ್ತು ಅಂದ್ಳು.’

ತಬಿತಾಬಾಯಿ ಅತ್ತರು. ಅಳುತ್ತಲೇ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಆ ಜೂನ್ ತಿಂಗಳ ಮಾತನ್ನು ಸೊಸೆಗೆ ಹೇಳಿದರು. ಪ್ರಮೀಳಾ ಕುಂಚವನ್ನು ಬಕೆಟ್ಟಿಗೆ ಹಾಕಿ, ಸುಣ್ಣದ ಕೈಯಿಂದಲೇ ಅತ್ತೆಯ ಕೈ ಹಿಡಿದಳು.

‘ಅತ್ತಿ, ನಿಮ್ಮ ತಪ್ಪು ಖರೇನ. ಆದ್ರ ಮೂರ ಕೈ ಸುಣ್ಣಕ್ಕ ಹೋಗದ್ದು ನಾಕನೇ ಕೈಗೆ ಹೋಗತಿತ್ತೇನು? ಸ್ವಾಮಿ ಶಿಲುಬಿ ಮ್ಯಾಲೆ ಜೀವಾ ಕೊಟ್ಟಿದ್ದು ಯಾರ ಪಾಪಕ್ಕರಿ? ಊರ ಮಂದೀಗೆಲ್ಲಾ ಅಂಜಬ್ಯಾಡ್ರಿ ಅಂತ ಹೇಳಿ ಬರ್ತೀರಿ. ನಿಮ್ಮೊಬ್ಬರನ್ನ ಬಿಟ್ಟು ಉಳದವರಿಗಷ್ಟ ಕ್ಷಮಾ ಕೊಟ್ಟಾನೇನು?’

ತಬಿತಾಬಾಯಿ ಆ ಸಾಲನ್ನು ಇನ್ನೊಮ್ಮೆ ಓದಿದರು. ಸ್ವರ್ಗದ ಬಾಗಿಲು ಸಾಲೋಮಿಬಾಯಿಯದಲ್ಲ. ಅವಳೂ ಮತ್ತೊಬ್ಬನ ದಯೆಯಿಂದ ಒಳಗೆ ಹೋದವಳೇ. ಹಾಗೆ ಹೋದವಳು ಇನ್ನೊಬ್ಬಳನ್ನು ತಡೆಯುವುದೆಂತು? ‘ಸ್ವಾಮೀ, ನಾ ಅಂದದ್ದು ತಪ್ಪಾತು. ನೀ ಕೊಟ್ಟದ್ದನ್ನ ಈಗ ತಗೋತೇನಿ’ ಎಂದು ಅಲ್ಲೇ ತಲೆಬಾಗಿ ಪ್ರಾರ್ಥಿಸಿದರು. ತಲೆಯೆತ್ತಿದಾಗ ಎದೆ ಹತ್ತಿಯಷ್ಟು ಹಗುರಾಗಿತ್ತು.

‘ಗುಲಾಬಸಾಬ, ಸುಮ್ನ ಯಾಕ ನಿಂತಿ? ಬಣ್ಣಾ ತುಂಬು. ದೂರದಿಂದ ಓದಾಕ ಬರಬೇಕು’ ಎಂದರು. ಬಾಯಿ ಮೊದಲಿನಂತಾಯಿತು.

ಮರುದಿನ ಬೆಳಕು ಹರಿಯುವಾಗ ಗೋರಿಗಳ ನಡುವೆ ಎಲ್ಲರಿಗಿಂತ ದೊಡ್ಡದಾಗಿ ಹಾಡಿದವರು ತಬಿತಾಬಾಯಿ. ಪ್ರಮೀಳಾ ಹೊಟ್ಟೆಯ ನೋವು ನೆನಪಿಸಿ ಸೆರಗು ಜಗ್ಗಿದಳು. ಅವರು ಇನ್ನೂ ಒಂದು ಸ್ವರ ಏರಿಸಿದರು.

ಅದೇ ವಾರ ಆಸ್ಪತ್ರೆಗೆ ಹೋದರು. ಅರಿವಳಿಕೆ ಕೊಡುವ ಡಾಕ್ಟರು, ‘ಹೆದರಿಕಿ ಏನರೆ ಅದ ಏನ್ರಿ ಅಜ್ಜಿ?’ ಎಂದು ಕೇಳಿದರೆ, ‘ನಿಮಗ ಇದ್ರ ಹೇಳ್ರಿ, ಪ್ರಾರ್ಥನಾ ಮಾಡ್ತೇನಿ. ನಾ ಇಲ್ಲಿ ಎದ್ರೂ ಛಲೋ, ಅಲ್ಲಿ ಎದ್ರೂ ಛಲೋ’ ಎಂದು ನಗುತ್ತ ಕಣ್ಣು ಮುಚ್ಚಿದರು.

ಎದ್ದದ್ದು ಇಲ್ಲೇ. ಒಳಗಿಂದ ತೆಗೆದ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಮನೆಗೆ ಮಾತಾಡಿಸಲು ಬಂದ ಗುಲಾಬಸಾಬನ ಮುಂದೆ ತಬಿತಾಬಾಯಿ ಅದನ್ನು ಅಲ್ಲಾಡಿಸಿ ತೋರಿಸಿದರು.

‘ನಮ್ಮತ್ತಿ ಹೇಳಿದ ಸಾಲು ಇದರ ಮ್ಯಾಲೆ ಹಿಡಸ್ತದೇನೋ?’

ಗುಲಾಬಸಾಬ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ‘ಕಲ್ಲ ಭಾಳ ಸಣ್ಣವದಾವ್ರಿ ಬಾಯಾರ. ದೊಡ್ಡದು ಸಿಗೂತನಾ ತಡೀರಿ.’

‘ತಡೀತೇನಿ. ಅವಸರಾ ಇಲ್ಲ, ಅಂಜಿಕೀನೂ ಇಲ್ಲ’ ಎಂದರು ತಬಿತಾಬಾಯಿ. ‘ಪ್ರಮೀಳಾ, ಸಾಬಗ ಚಾ ಮಾಡವಾ. ನನಗೂ ಅರ್ಧಾ ಕಪ್ಪು.’