ಪಿಟೀಲಿನ ಒಳಗೆ ಉಳಿದ ಹೆಸರು

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದಿದ್ದೇನೆ. ಹೋದ ತಿಂಗಳು ಇಳಕಲ್ಲಿನ ವಾದ್ಯ ರಿಪೇರಿ ಅಂಗಡಿಯವನು ನನ್ನ ಹಳೆಯ ಪಿಟೀಲಿನ ಬಿರುಕು ಬಿಟ್ಟ ಮೇಲ್ಹಲಗೆಯನ್ನು ಬಿಚ್ಚಿ ನಕ್ಕ.

“ಮುಂಬೈದು ಅಂದ್ರಲ್ರಿ ಅಜ್ಜಾರ? ಇಲ್ಲಿ ಕೆರೂರ ಅಂತ ಸುಟ್ಟು ಬರದಾರ ನೋಡ್ರಿ!”

ಹಲಗೆಯ ಒಳಮೈಯಲ್ಲಿ, ಕಾಸಿದ ಮೊಳೆಯಿಂದ ಬರೆದ ಊರು, ಅದರ ಕೆಳಗೆ ಹೆಸರು.

ಆ ಪಿಟೀಲು ಮಾಡಿದ ಬಡಗಿ ನನ್ನ ಓರಗೆಯ ಗೆಳೆಯ. ಪಿಟೀಲಿಗೆ ತಕ್ಕ ಮರ ಹುಡುಕಲು ಲಾರಿಗಳಲ್ಲಿ ಕ್ಲೀನರ್ ಕೆಲಸ ಮಾಡುತ್ತ ಹಿಮಾಲಯದ ತಪ್ಪಲಿನವರೆಗೂ ಹೋಗಿ, ಹಲಗೆಯೊಂದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ನೀನು ಸತ್ತೇ ಹೋದೆ ಅಂದುಕೊಂಡಿದ್ದೆವು ಎಂದು ನಾನು ಅಂದರೆ, “ಕಟ್ಟಿಗಿ ಸಿಗೋತನಕ ಹ್ಯಾಂಗ ಸಾಯ್ಲಿ ಲೇ?” ಎಂದಿದ್ದ.

ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸುತ್ತಿದ್ದ ನಾನು, ಕೆರೂರಿನದೆಂದರೆ ಜನ ನಕ್ಕಾರೆಂದು ಮುಂಬೈಯಿಂದ ತರಿಸಿದ್ದು ಎನ್ನುತ್ತಿದ್ದೆ. ಮೇಲ್ಹಲಗೆಯ ತೂತಿನಿಂದ ಕಾಣುತ್ತಿದ್ದ, ತಳದ ಹಲಗೆಯ ಮೇಲಿನ ಅವನ ಹೆಸರನ್ನು ಕೆರೆದು ಹಾಕಿದೆ. ಮೇಲ್ಹಲಗೆಯ ಒಳಗೂ ಬರೆದಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಬಾದಾಮಿಯಲ್ಲಿ ಒಮ್ಮೆ ಅವನ ಎದುರಿಗೇ ಆ ಸುಳ್ಳು ಹೇಳಿದೆ. ಅವನು ಅಲ್ಲಗಳೆಯಲಿಲ್ಲ.

“ಮುಂಬೈ ಪಿಟೀಲು ಭಾಳ ಚಂದ ನುಡೀತೈತ್ರಿ ಮಾಸ್ತರ” ಎಂದು ಎದ್ದು ಹೋದ. ಅಲ್ಲಿಯವರೆಗೆ ಅವನು ನನ್ನನ್ನು ‘ಲೇ’ ಎಂದೇ ಕರೆಯುತ್ತಿದ್ದ.

ಅವನು ತೀರಿಕೊಂಡು ಬಹಳ ಕಾಲವಾಯಿತು. ನಾನು ತಪ್ಪಾಯಿತೆಂದು ಹೇಳಲೇ ಇಲ್ಲ. ಅಂಗಡಿಯವನು ಮೇಲ್ಹಲಗೆಯನ್ನು ಮತ್ತೆ ಅಂಟಿಸಿದ್ದಾನೆ, ಹೆಸರು ಮತ್ತೆ ಒಳಗೆ ಸೇರಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ಪಿಟೀಲು ಮಾಡಿದವನು ಕೆರೂರಿನ ಇಮಾಮಸಾಬ.